ವಜನ್ ಕಾಟಾ

ಫ್ರಿಜ್ಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕ
ಕೀಲು ಮುರಿದ ಲ್ಯಾಪ್‌ಟಾಪು.
ಅದೇ ನನ್ನ ಭಂಡಾರ. ಹದಿಮೂರು ಪ್ಯಾಕೇಜು.
ಕಾಸರವಾಡಿ ದಾಟಿ ಲೋಣಾವಳಾ ಲೋಕಲ್ ಹೋದಾಗೆಲ್ಲ
ಅದರ ಫ್ಯಾನು ಒಮ್ಮೆ ಬಿಕ್ಕುತ್ತದೆ.

ಒಂದು, ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಮಾತು ಕಲಿಸುವುದು.
ಒಂದು, ಅಂಕಿಯನ್ನು ಅಕ್ಷರದಲ್ಲಿ ಬರೆಯುವುದು.
ಇನ್ನೊಂದು ಯಾಕಿದೆಯೋ ನನಗೇ ಮರೆತಿದೆ,
ತೆಗೆದರೆ ಮಾತ್ರ ಉಳಿದ ನಾಲ್ಕು ಏಳುವುದಿಲ್ಲ.

ಮೊದಲು ಇವೆಲ್ಲ ದೊಡ್ಡ ಭಂಡಾರದಲ್ಲಿದ್ದವು.
ಆಗ ಅಲ್ಲಿ ನಿಯಮ ಒಂದೇ ಸಾಲು:
ಕೆಟ್ಟದ್ದನ್ನು ಸರಿ ಮಾಡಿ, ಸರಿಯಿದ್ದದ್ದನ್ನು ಕೆಡಿಸಬೇಡಿ.
ಆಮೇಲೆ, ಕೆಳಗೆ ಸಹಿ ಹಾಕಿ ಅಂದರು. ಹಾಕಿದೆ.
ಪೂರ್ತಿ ಹೆಸರಿರಲಿ ಅಂದರು.
ನೀಲಗಂಗಾ ಶಿವಯೋಗಪ್ಪ ಹೂಗಾರ ಎಂದು ತುಂಬಿದೆ,
ಕೊನೆಯ ರ ಖಾನೆಯೊಳಗೆ ಹಿಡಿಸಲಿಲ್ಲ.
ಯಂತ್ರ ಬರೆದದ್ದೋ ನೀವು ಬರೆದದ್ದೋ ಹೇಳಿ ಅಂದರು.
ಕಡೆಗೆ, ಇಬ್ಬರು ನೋಡದೆ ಯಾವುದೂ ಒಳಗೆ ಬರಕೂಡದು.
ಇಬ್ಬರು!
ಈ ಹದಿಮೂರನ್ನು ನೋಡುವವರು ಜಗತ್ತಿನಲ್ಲಿ
ನಾನು,
ಮತ್ತು ಕನ್ನಡಕ ಹಾಕಿಕೊಂಡ ನಾನು.

ಸಿಟ್ಟಿನಿಂದಲ್ಲ, ಬಾಡಿಗೆ ಮನೆ ಬಿಡುವವರ ಹಾಗೆ
ಒಂದು ಭಾನುವಾರ ಎಲ್ಲ ಇಳಿಸಿಕೊಂಡು ಬಂದೆ.
ನಿಯಮದ ಕಡತವನ್ನು ಅಲ್ಲೇ ಬಿಟ್ಟೆ.

ಯಾರು ಬಳಸುತ್ತಾರೋ ಗೊತ್ತಿರಲಿಲ್ಲ, ಫೋನು ಬರುವ ತನಕ.
ಭೋಸರಿಯ ಲಾರಿ ತೂಗುವ ಕಾಟಾದಿಂದ ಗಿರಮಲ್ಲ.
ಮರಾಠಿಯಲ್ಲಿ ಕಾಟಾ ಅಂದರೆ ತಕ್ಕಡಿ,
ನಮ್ಮಲ್ಲಿ ಕಾಟ ಅಂದರೆ ಕಾಟವೇ.
‘ಅಕ್ಕಾರ, ಹೆಸರು ನಮ್ಮ ಕಡೇದ ಕಂಡಿತು, ಅದಕ್ಕ ಮಾಡೀನಿ.
ದಿನದ ತೂಕ ಲಕ್ಷ ದಾಟಿದ ಕೂಡಲೆ ಕಾಮಾ ತಪ್ಪ ಬೀಳಾಕತ್ತೈತ್ರಿ.
ನೂರು ಸಾವಿರ ಅಂತ ಯಾವ ಸೇಠ ಓದತಾನ್ರಿ?’
ತಿದ್ದುಪಡಿಯನ್ನೂ ಕಳಿಸಿದ್ದ,
ತೂಕದ ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು, ಫೋಟೋ ಹೊಡೆದು.
ಎರಡು ಸಾಲು. ಎರಡೂ ಸರಿ.
ಸಹಿಯಿಲ್ಲ. ಕೈಯಲ್ಲಿ ಬರೆದದ್ದೆಂದು
ಒರೆಸಿ ಬರೆದ ಒಂದು ಸೊನ್ನೆಯೇ ಹೇಳುತ್ತಿತ್ತು.
ಕೂಡಿಸಿಕೊಂಡೆ: ಗಿರಮಲ್ಲ, ಕಾಟಾ.

ಮುಂದಿನ ದೀಪಾವಳಿಗೆ ಅವನ ಸೋದರಳಿಯ ಯಲ್ಲಾಲಿಂಗ
ಸಾವಿರದ ಇನ್ನೂರು ಸಾಲು ಕಳಿಸಿದ.
ಮೂರು ರಾತ್ರಿ ಓದಿದೆ.
ಎಲ್ಲ ಸಾಲೂ ಇಸ್ತ್ರಿ ಮಾಡಿದ ಅಂಗಿ,
ಒಳಗೆ ಮೈ ಇಲ್ಲ.
ಎಲ್ಲೂ ತಯಾರಾಗದ ಪ್ರಿಂಟರೊಂದಕ್ಕೆ ಬಲು ವಿನಯದ ವಿವರಣೆ.
ಇದು ಯಾಕಪ್ಪ ಇಲ್ಲಿ? ಕೇಳಿದೆ.
‘ಹಂಗ ಬಂತ್ರಿ, ಅಕ್ಕಾ.’

ಅವತ್ತು ಖಾಲಿ ಕಡತ ತೆರೆದು ಟೈಪು ಮಾಡಿದೆ:
ವಿವರಿಸಲಾಗದ್ದನ್ನು ಕಳಿಸಬೇಡಿ.
ಒಮ್ಮೆಗೆ ಒಂದೇ ಬದಲಾವಣೆ.
ಕೆಳಗೆ ಸಹಿ
ಅನ್ನುವಷ್ಟರಲ್ಲಿ ಬೆರಳು ನಿಂತಿತು.
ಯಾರದೋ ದನಿ ನನ್ನ ಗಂಟಲಲ್ಲಿ.

ಶನಿವಾರ ಭೋಸರಿಗೆ ಹೋದೆ.
ಕಾಟಾದ ಗೋಡೆಗೆ ತಗಡಿನ ಫಲಕ, ಮೂರು ಬಣ್ಣದ ಮರಾಠಿ:
ಡ್ರೈವರ್ ಇಳಿಯಬೇಕು.
ಕೆಳಗೆ ನೀಲಿಯಲ್ಲಿ, ಕ್ಲೀನರ್ ಕೂಡ.
ತೀರಾ ಕೆಳಗೆ, ಹಸಿರಲ್ಲಿ, ನಾಯಿಯೂ.
ಗಿರಮಲ್ಲ ನಕ್ಕ: ‘ಒಂದೊಂದು ಸಾಲಿಗೂ ಒಬ್ಬೊಬ್ಬ ಅದಾನ್ರಿ.
ಆ ನಾಯಿ ಹದಿನೆಂಟು ಕಿಲೋ ಇತ್ತು.’
ನನಗೆಂದೇ ಒಂದು ಚೀಟಿ ಹರಿದುಕೊಟ್ಟ.
ಲಾರಿಯ ತೂಕ ಬೇರೆ, ಮಾಲಿನ ತೂಕ ಬೇರೆ,
ಮೊತ್ತದಲ್ಲಿ ಕಾಮಾ ತನ್ನ ಜಾಗದಲ್ಲಿ.

ಮೂರನೆಯ ಸಾಲು ಇನ್ನೂ ಅರ್ಧಕ್ಕೇ ನಿಂತಿದೆ.
ಇವತ್ತು ಬೆಳಿಗ್ಗೆ ಯಲ್ಲಾಲಿಂಗ
ಒಂದೇ ಒಂದು ಸಾಲು ಕಳಿಸಿದ್ದಾನೆ, ಯಾಕೆಂದೂ ಬರೆದಿದ್ದಾನೆ.
ಕಾರಣ ತಪ್ಪು. ಸಾಲು ಸರಿಯಿದ್ದಂತಿದೆ.

ನಾನು ನೋಡಿದ್ದಾಯಿತು.
ಕನ್ನಡಕ ಹುಡುಕುತ್ತಿದ್ದೇನೆ.